ಚಿನ್ನದ ಕುರ್ಚಿಗಳ ಬಡಗಿ ಥಾಮಸ್ ಚಿಪ್ಪೆಂಡೇಲ್

ಅರಸುಗಳ ಚರಿತ್ರೆಯನ್ನೂ ಕವಿಗಳ ಚರಿತ್ರೆಯನ್ನೂ ನಾವು ಬಾಲ್ಯದಿಂದ ಓದುತ್ತ ಬಂದಿದ್ದೇವೆ. ಆದರೆ ಸಿರಿವಂತರು ಕುಳಿತ ಪೀಠಗಳನ್ನು ಮಾಡಿಕೊಟ್ಟವನ ಚರಿತ್ರೆಯನ್ನು ಓದಿದವರು ವಿರಳ. ಪೀಠಕ್ಕೆ ಹೆಸರುಂಟು, ಅದರಲ್ಲಿ ಕುಳಿತವನಿಗೆ ಹೆಸರುಂಟು, ಕಡೆದವನಿಗೆ ಮಾತ್ರ ಹೆಸರಿಲ್ಲ ಎಂಬುದು ಲೋಕದ ರೂಢಿ. ಈ ರೂಢಿಗೆ ಅಪವಾದವಾಗಿ ನಿಂತವನು ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಬಾಳಿದ ಥಾಮಸ್ ಚಿಪ್ಪೆಂಡೇಲ್. ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳೆಂದು ವಿಂಗಡಿಸಿ ಮಕ್ಕಳಿಗೆ ಪಾಠ ಹೇಳುವುದು ನನ್ನ ವೃತ್ತಿ. ಒಬ್ಬ ಮನುಷ್ಯನ ಅಂಕಿತನಾಮವು ರೂಢನಾಮವಾಗಿ ಪರಿಣಮಿಸುವುದು ಅಪರೂಪ. ಚಿಪ್ಪೆಂಡೇಲನ ವಿಷಯದಲ್ಲಿ ಅದು ನಡೆದಿದೆ. ಇಂದು ಚಿಪ್ಪೆಂಡೇಲ್ ಎಂದರೆ ಮನುಷ್ಯನಲ್ಲ, ಒಂದು ಬಗೆಯ ಕುರ್ಚಿ. ಹೆಸರು ಮರಕ್ಕೆ ಅಂಟಿಕೊಂಡಿತು, ಮನುಷ್ಯನು ಮರೆಯಾದನು. ಅವನ ಭಾವಚಿತ್ರವೊಂದೂ ಉಳಿದಿಲ್ಲ, ದಿನಚರಿಯಿಲ್ಲ. ಉಳಿದಿರುವುದು ಒಂದು ಗ್ರಂಥ, ಕೆಲವು ಪತ್ರಗಳು, ಹಣ ಬರಬೇಕಾದ ಮನೆಗಳಿಗೆ ಅವನು ಕಳುಹಿಸಿದ ಲೆಕ್ಕದ ಪಟ್ಟಿಗಳು. ಅವುಗಳ ಆಧಾರದಿಂದಲೇ ಅವನ ಜೀವಿತವನ್ನು ಕಟ್ಟಿಕೊಳ್ಳಬೇಕಾಗಿದೆ.

ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದಲ್ಲಿ ವಾರ್ಫ್ ನದಿಯ ದಡದ ಮೇಲೆ ಆಟ್ಲಿ ಎಂಬ ಸಂತೆಯೂರು ಇದೆ. ಅಲ್ಲಿ ಮರಗೆಲಸದಿಂದ ಜೀವಿಸುತ್ತಿದ್ದ ಜಾನ್ ಚಿಪ್ಪೆಂಡೇಲ್ ಎಂಬವನಿಗೂ ಅವನ ಮಡದಿ ಮೇರಿಗೂ ಹುಟ್ಟಿದ ಮಗನಿಗೆ 1718ರ ಜೂನ್ 5ರಂದು ಊರ ಚರ್ಚಿನಲ್ಲಿ ನಾಮಕರಣವಾಯಿತು. ಊರಿನ ಹಳೆಯ ಗ್ರಾಮರ್ ಶಾಲೆಯಲ್ಲಿ ಬಾಲಕನು ಓದಿದನೆಂದು ಆ ಊರಿನವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಶಾಲೆಯೆಂಬುದು ತನ್ನ ಹಳೆಯ ವಿದ್ಯಾರ್ಥಿಯನ್ನು ಇನ್ನೂರೈವತ್ತು ವರ್ಷಗಳ ಅನಂತರವೂ ತನ್ನವನೆಂದು ಹೇಳಿಕೊಳ್ಳಲು ಹವಣಿಸುವುದು ನಮಗೆಲ್ಲ ಸಂತೋಷದ ಸಂಗತಿಯೇ. ಉಳಿಯನ್ನು ಹಿಡಿಯುವ ಪಾಠವು ತಂದೆಯಿಂದಲೇ ಆರಂಭವಾಗಿರಬೇಕು. ಬಳಿಕ ಯಾರ್ಕ್ ನಗರದ ರಿಚರ್ಡ್ ವುಡ್ ಎಂಬ ಬಡಗಿಯ ಬಳಿ ಅವನು ಕೆಲಸ ಕಲಿತನೆಂದು ವಿದ್ವಾಂಸರು ಊಹಿಸುತ್ತಾರೆ.

ಲಂಡನ್ನಿನಲ್ಲಿ ಅವನ ಹೆಸರು ಮೊದಲು ಕಾಣಸಿಗುವುದು 1747ರ ಅಕ್ಟೋಬರಿನಲ್ಲಿ, ಬರ್ಲಿಂಗ್‌ಟನ್ ಪ್ರಭುವಿನ ಖಾಸಗಿ ಲೆಕ್ಕದ ಪುಸ್ತಕದಲ್ಲಿ. ಆರು ಪೌಂಡು ಹದಿನಾರು ಷಿಲಿಂಗು ಕೊಟ್ಟಿತು ಎಂಬಷ್ಟೇ ಬರಹ. ಮುಂದೆ ಅವನ ಬಾಳಿನುದ್ದಕ್ಕೂ ನಾವು ಕಾಣುವುದೆಲ್ಲ ಇಂಥ ಬರಹಗಳನ್ನೇ, ಯಾರು ಎಷ್ಟು ಕೊಟ್ಟರು, ಯಾರು ಕೊಡಲಿಲ್ಲ ಎಂಬುದನ್ನೇ. ಮರುವರ್ಷ, 1748ರ ಮೇ ತಿಂಗಳಲ್ಲಿ, ಕ್ಯಾಥರೀನ್ ರೆಡ್‌ಷಾ ಎಂಬ ಕನ್ಯೆಯನ್ನು ಅವನು ವರಿಸಿದನು. ಈ ದಾಂಪತ್ಯದಿಂದ ಒಂಬತ್ತು ಮಕ್ಕಳು ಜನಿಸಿದರು.

ಆ ಕಾಲದ ಲಂಡನ್ನಿನ ಶ್ರೀಮಂತರ ಕಣ್ಣು ನೆಟ್ಟಿದ್ದುದು ಪ್ಯಾರಿಸ್ಸಿನ ಕಡೆಗೆ. ಫ್ರಾನ್ಸಿನಲ್ಲಿ ಹದಿನೈದನೆಯ ಲೂಯಿಯ ಆಳ್ವಿಕೆಯಲ್ಲಿ ಒಂದು ಹೊಸ ಶೈಲಿಯು ಅರಳಿದ್ದಿತು. ನಾವು ಈಗ ಅದನ್ನು ರೊಕೊಕೊ ಎನ್ನುತ್ತೇವೆ. ತೋಟಗಳಲ್ಲಿ ಬಂಡೆಗಲ್ಲು, ಚಿಪ್ಪುಗಳಿಂದ ಕಟ್ಟುತ್ತಿದ್ದ ಕೃತಕ ಗುಹೆಗಳ ಅಲಂಕಾರಕ್ಕೆ ಫ್ರೆಂಚರು ಇಟ್ಟಿದ್ದ ರೊಕಾಯ್ ಎಂಬ ಹೆಸರೇ ಇದಕ್ಕೆ ಮೂಲ. ಆ ಶೈಲಿ ಹಳೆಯದಾದ ಮೇಲೆ ಅದನ್ನು ಹಳಿಯಲೆಂದೇ ಕೆಲವರು ಈ ಪದವನ್ನು ತಿರುಚಿ ಉಪಯೋಗಿಸಿದರು. ಹಳಿಯಲು ಹುಟ್ಟಿದ ಪದ ಶಾಸ್ತ್ರದ ಪದವಾಗಿ ನಿಂತುಹೋಯಿತು. ಚಿಪ್ಪೆಂಡೇಲನ ಕಾಲದ ಇಂಗ್ಲೆಂಡಿನಲ್ಲಿ ಇದಕ್ಕಿದ್ದ ಹೆಸರು ಆಧುನಿಕ ರುಚಿ, ಇಲ್ಲವೇ ಫ್ರೆಂಚ್ ರುಚಿ ಎಂದು.

ಈ ಶೈಲಿಗೆ ಸರಳರೇಖೆಯೆಂದರೆ ಆಗದು. ತೋಳುಕುರ್ಚಿಯನ್ನೇ ತೆಗೆದುಕೊಳ್ಳಿ. ಅದರ ಕಾಲು ನೆಟ್ಟಗೆ ನೆಲಕ್ಕಿಳಿಯುವುದಿಲ್ಲ. ತೊಡೆಯಂತೆ ಹೊರಕ್ಕೆ ಉಬ್ಬಿ, ಕಣಕಾಲಿನಲ್ಲಿ ಒಳಕ್ಕೆ ಬಾಗಿ, ಪಾದದಲ್ಲಿ ಸುರುಳಿಯಾಗಿ ಮಡಿಸಿಕೊಳ್ಳುತ್ತದೆ. ಜಿಗಿಯುವ ಮೇಕೆಯ ಕಾಲನ್ನು ನೆನಪಿಸುವುದರಿಂದ ಇದಕ್ಕೆ ಕ್ಯಾಬ್ರಿಯೋಲ್ ಎಂಬ ಹೆಸರು. ಆಸನದ ಮುಂಪಟ್ಟಿ ಅಲೆಯಂತೆ ಏಳುತ್ತದೆ. ನಡುವೆ ಒಂದು ಚಿಪ್ಪು, ಚಿಪ್ಪಿನಿಂದ ಹೊರಡುವ ಎಲೆ, ಎಲೆಯ ತುದಿಯಲ್ಲಿ ಹೂ, ಹೂವಿನಿಂದ ಮತ್ತೊಂದು ಬಳ್ಳಿ. ಎಡಕ್ಕಿದ್ದುದು ಬಲಕ್ಕೆ ಇರಲೇಬೇಕೆಂಬ ನಿಯಮವನ್ನೂ ಈ ಶೈಲಿ ಬಿಟ್ಟುಕೊಟ್ಟಿತು. ತೋಳನ್ನು ಹೊರುವ ಗೂಟವನ್ನು ಮುಂಗಾಲಿನ ನೇರಕ್ಕೆ ನಿಲ್ಲಿಸದೆ ಹಿಂದಕ್ಕೆ ಸರಿಸಿ ನಿಲ್ಲಿಸುತ್ತಿದ್ದರು. ಅಂದಿನ ಶ್ರೀಮಂತ ಸ್ತ್ರೀಯರು ತೊಡುತ್ತಿದ್ದ ಬಳೆಗಟ್ಟಿದ ಅಗಲವಾದ ಲಂಗಗಳಿಗೆ ಎಡೆ ಮಾಡಿಕೊಡುವುದಕ್ಕಾಗಿ ಈ ಏರ್ಪಾಡು. ಅಲಂಕಾರವೆಂದು ನಾವು ತಿಳಿಯುವುದರಲ್ಲಿ ಎಷ್ಟೋ ವೇಳೆ ಹೀಗೊಂದು ಪ್ರಯೋಜನ ಅಡಗಿರುತ್ತದೆ.

ಇಂಥ ಕುರ್ಚಿಗೆ ಚಿನ್ನ ಹಚ್ಚುವ ವಿಧಾನವನ್ನು ಸ್ವಲ್ಪ ವಿಸ್ತಾರವಾಗಿ ಹೇಳದಿದ್ದರೆ ಮುಂದಿನ ಕಥೆಯ ಮರ್ಮ ತಿಳಿಯದು. ಚಿನ್ನ ಹಚ್ಚುವ ಕುರ್ಚಿಗೆ ಮಹಾಗನಿಯಂಥ ಬೆಲೆಬಾಳುವ ಮರವನ್ನು ಹಾಕುತ್ತಿರಲಿಲ್ಲ. ಹೇಗಿದ್ದರೂ ಮರವು ಕಣ್ಣಿಗೆ ಬೀಳುವಂತಿಲ್ಲ. ಬೀಚ್ ಎಂಬ ಅಗ್ಗದ, ಬಿಗಿಯಾದ ಮರವೇ ಸಾಕು. ಬಡಗಿ ಚೌಕಟ್ಟನ್ನು ಕೂಡಿಸುತ್ತಾನೆ, ಕೆತ್ತನೆಗಾರನು ಅದರಲ್ಲಿ ಬಳ್ಳಿ ಚಿಪ್ಪುಗಳನ್ನು ಕೊರೆಯುತ್ತಾನೆ. ಆಮೇಲೆ ಸೀಮೆಸುಣ್ಣದ ಪುಡಿಯನ್ನು ಚರ್ಮದಿಂದ ಬೇಯಿಸಿ ತೆಗೆದ ಅಂಟಿನಲ್ಲಿ ಕಲಸಿ, ಒಂದರ ಮೇಲೊಂದರಂತೆ ಎಂಟು ಹತ್ತು ಸಲ ಬಳಿಯಬೇಕು. ನಮ್ಮ ಮೈಸೂರು ಚಿತ್ರಗಳಲ್ಲಿ ಮಕ್ಕು ಎತ್ತಿ ಅದರ ಮೇಲೆ ಚಿನ್ನದ ರೇಕು ಕೂರಿಸುವುದನ್ನು ಕಂಡವರಿಗೆ ಇದು ಹೊಸದಲ್ಲ. ಇಷ್ಟು ಲೇಪ ಬಿದ್ದ ಮೇಲೆ ಕೆತ್ತನೆಯ ಸೂಕ್ಷ್ಮವೆಲ್ಲ ಮುಚ್ಚಿಹೋಗುತ್ತದಷ್ಟೆ. ಆದುದರಿಂದ ಒಣಗಿದ ಲೇಪದಲ್ಲಿಯೇ ಎಲೆಯ ನರಗಳನ್ನೂ ಹೂವಿನ ಎಸಳುಗಳನ್ನೂ ಎರಡನೆಯ ಸಲ ಕೊರೆಯಬೇಕು. ಅದರ ಮೇಲೆ ನುಣುಪಾದ ಕೆಂಪು ಜೇಡಿ, ಜೇಡಿಯನ್ನು ನೀರಿನಿಂದ ತೇವಗೊಳಿಸಿ ಉಸಿರು ತಾಗಿದರೂ ಹಾರುವ ಚಿನ್ನದ ರೇಕು, ಕೊನೆಗೆ ಅಗೇಟು ಕಲ್ಲಿನಿಂದ ಉಜ್ಜಿ ಹೊಳಪು. ಎಣ್ಣೆಯ ಅಂಟಿನ ಮೇಲೆ ರೇಕು ಹಚ್ಚುವ ಇನ್ನೊಂದು ಕ್ರಮವುಂಟು. ಅದಕ್ಕೆ ಉಜ್ಜಿದ ಹೊಳಪು ಬಾರದು, ಆದರೆ ಬಾಳಿಕೆ ಹೆಚ್ಚು. ಇದೆಲ್ಲ ಮುಗಿದರೆ ಮೆತ್ತೆ ಹೊದಿಸುವವನ ಸರದಿ. ರೇಷ್ಮೆಯ ಬಟ್ಟೆಗೆ ತಗಲುವ ವೆಚ್ಚ ಎಷ್ಟೋ ಸಲ ಮರಗೆಲಸದ ವೆಚ್ಚವನ್ನೇ ಮೀರುತ್ತಿದ್ದಿತು. ಒಂದು ಕುರ್ಚಿಯ ಹಿಂದೆ ಹೀಗೆ ಬಡಗಿ, ಕೆತ್ತನೆಗಾರ, ಚಿನ್ನ ಹಚ್ಚುವವ, ಮೆತ್ತೆಯವ ಎಂದು ನಾಲ್ಕು ಕಸುಬಿನವರ ಕೂಲಿ, ಮೊದಲೇ ಕೊಟ್ಟು ತರಬೇಕಾದ ಚಿನ್ನ, ಕುದುರೆಯ ಕೂದಲು, ರೇಷ್ಮೆ ಇವೆಲ್ಲ ಸೇರಿದ್ದವು. ಯಜಮಾನನಾದವನು ಇಷ್ಟನ್ನೂ ತನ್ನ ಕೈಯಿಂದ ಹಾಕಿ, ಕೊಂಡವನು ಕೊಡುವವರೆಗೆ ಕಾಯಬೇಕು. ಚಿಪ್ಪೆಂಡೇಲನ ಬಾಳಿನ ಗೋಳು ಈ ಕಾಯುವಿಕೆಯಲ್ಲಿದೆ.

ಆದರೆ ಅವನ ಕೀರ್ತಿ ಬಂದುದು ಕುರ್ಚಿಯಿಂದಲ್ಲ, ಪುಸ್ತಕದಿಂದ. 1754ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ದಿ ಜೆಂಟಲ್‌ಮನ್ ಅಂಡ್ ಕ್ಯಾಬಿನೆಟ್-ಮೇಕರ್ಸ್ ಡೈರೆಕ್ಟರ್ ಎಂಬ ದೊಡ್ಡ ಆಕಾರದ ಗ್ರಂಥವನ್ನು ಅವನು ಪ್ರಕಟಿಸಿದನು. ಅದರಲ್ಲಿ 160 ಚಿತ್ರಫಲಕಗಳು. ಅವುಗಳಲ್ಲಿ ಬಹುಪಾಲನ್ನು ತಾಮ್ರದ ತಗಡಿನಲ್ಲಿ ಕೊರೆದವನು ಮಥಾಯಸ್ ಡಾರ್ಲಿ ಎಂಬ ಅವನ ಗೆಳೆಯ. ಕುರ್ಚಿ, ಮೇಜು, ಮಂಚ, ಪುಸ್ತಕದ ಬೀರು ಮುಂತಾದ ಸಕಲ ಗೃಹೋಪಕರಣಗಳನ್ನು ಗಾಥಿಕ್, ಚೀನೀ, ಆಧುನಿಕ ಎಂಬ ಮೂರು ರುಚಿಗಳಲ್ಲಿ ಅಲ್ಲಿ ಚಿತ್ರಿಸಲಾಗಿದ್ದಿತು. ಗೃಹೋಪಕರಣಗಳಿಗೇ ಮೀಸಲಾದ ಇಷ್ಟು ದೊಡ್ಡ ಚಿತ್ರಗ್ರಂಥವನ್ನು ಇಂಗ್ಲೆಂಡಿನಲ್ಲಿ ಅದುವರೆಗೆ ಯಾವ ಬಡಗಿಯೂ ಹೊರತಂದಿರಲಿಲ್ಲ. ಗ್ರಂಥದ ಖರ್ಚಿಗೆ ಮುಂಗಡ ಚಂದಾ ಕೂಡಿಸಲಾಯಿತು. ನಮ್ಮಲ್ಲಿಯೂ ಈ ಕ್ರಮದಿಂದ ಎಷ್ಟು ಗ್ರಂಥಗಳು ಬೆಳಕು ಕಂಡಿವೆಯೆಂಬುದನ್ನು ಹಿರಿಯ ವಾಚಕರು ಬಲ್ಲರು. ಚಂದಾದಾರರ ಪಟ್ಟಿಯಲ್ಲಿ ಪ್ರಭುಗಳ ಹೆಸರುಗಳ ಕೆಳಗೆ ಸಾಮಾನ್ಯ ಬಡಗಿಗಳ, ಕೆತ್ತನೆಗಾರರ ಹೆಸರುಗಳೂ ಇವೆ. ನನ್ನ ಮಟ್ಟಿಗೆ ಆ ಪಟ್ಟಿಯಲ್ಲಿ ಮಿಗಿಲಾದ ಭಾಗ ಇದೇ. ಒಬ್ಬ ಬಡಗಿಯು ಬರೆದ ಪುಸ್ತಕವನ್ನು ಇತರ ಬಡಗಿಗಳು ತಮ್ಮ ಗಳಿಕೆಯಿಂದ ಕೊಂಡರು.

ಈ ಗ್ರಂಥದಲ್ಲಿ ಫ್ರೆಂಚ್ ಕುರ್ಚಿಗಳೆಂಬ ಹೆಸರಿನಿಂದ ಕೆಲವು ಫಲಕಗಳಿವೆ. ನಮ್ಮ ವಿಷಯವಾದ ಕೆತ್ತನೆಯ ತೋಳುಕುರ್ಚಿಗಳು ಇವೇ. ಫಲಕವನ್ನು ಮೊದಲ ಸಲ ನೋಡಿದವರು ಬೆಚ್ಚಿಬೀಳುತ್ತಾರೆ. ಒಂದೇ ಕುರ್ಚಿಯ ಎಡಗಾಲು ಒಂದು ಬಗೆ, ಬಲಗಾಲು ಮತ್ತೊಂದು ಬಗೆ. ಎಡದ ತೋಳಿನಲ್ಲಿ ಎಲೆ, ಬಲದ ತೋಳಿನಲ್ಲಿ ಸುರುಳಿ. ಇದು ರೊಕೊಕೊ ಶೈಲಿಯ ಅಸಮತೆಯಲ್ಲ, ವ್ಯಾಪಾರದ ಜಾಣ್ಮೆ. ಒಂದು ಚಿತ್ರದಲ್ಲಿ ಎರಡು ಮಾದರಿಗಳನ್ನು ತೋರಿಸಿದರೆ ತಾಮ್ರದ ತಗಡು ಉಳಿಯುತ್ತದೆ, ಗಿರಾಕಿಗೆ ಆಯ್ಕೆಯೂ ಹೆಚ್ಚುತ್ತದೆ. ಬೆನ್ನಿಗೂ ಆಸನಕ್ಕೂ ಯಾವ ಬಗೆಯ ಹೊದಿಕೆ ಹೊಂದುವುದೆಂಬುದನ್ನು ಅವನು ಜೊತೆಯ ಟಿಪ್ಪಣಿಗಳಲ್ಲಿ ಸೂಚಿಸುತ್ತಾನೆ. ಕೆತ್ತನೆ ದುಬಾರಿಯಾದರೆ ಜಾಣ ಕೆಲಸಗಾರನು ಅದನ್ನು ತಗ್ಗಿಸಿಕೊಳ್ಳಬಹುದು, ಅದರಿಂದ ಕುರ್ಚಿಯ ಅಂದ ಕೆಡದು ಎಂದೂ ತಿಳಿಸುತ್ತಾನೆ. ತನ್ನ ಚಿತ್ರವನ್ನು ಇತರರು ಬದಲಿಸಿಕೊಳ್ಳಲು ಅನುಮತಿ ಕೊಡುವ ಗ್ರಂಥಕರ್ತರು ಎಷ್ಟು ಮಂದಿ ಇದ್ದಾರೆ?

1755ರಲ್ಲಿ ಗ್ರಂಥವು ಪುನಃ ಅಚ್ಚಾಯಿತು. ಇನ್ಸ್ ಮತ್ತು ಮೇಹ್ಯೂ ಎಂಬ ಎದುರಾಳಿಗಳು ಅದೇ ಮಾದರಿಯ ಪುಸ್ತಕವೊಂದನ್ನು 1759ರಿಂದ ಬಿಡಿಬಿಡಿಯಾಗಿ ಹೊರತರತೊಡಗಿದಾಗ ಚಿಪ್ಪೆಂಡೇಲನು ಸುಮ್ಮನೆ ಕೂರಲಿಲ್ಲ. ಹೊಸ ಚಿತ್ರಗಳನ್ನು ಸೇರಿಸಿ 200 ಫಲಕಗಳ ಮೂರನೆಯ ಆವೃತ್ತಿಯನ್ನು 1762ರಲ್ಲಿ ಪೂರ್ಣಗೊಳಿಸಿದನು. ಫ್ರೆಂಚ್ ಭಾಷೆಯಲ್ಲಿಯೂ ಅದು ಹೊರಬಂದಿತು. ಫ್ರೆಂಚರಿಂದ ಕಲಿತ ವಿದ್ಯೆಯನ್ನು ಫ್ರೆಂಚರಿಗೇ ಅವರ ಭಾಷೆಯಲ್ಲಿ ಮಾರಿದ ಧೈರ್ಯ ಮೆಚ್ಚತಕ್ಕದ್ದೇ. ಅಟ್ಲಾಂಟಿಕ್ ಸಾಗರದಾಚೆಯ ಫಿಲಡೆಲ್ಫಿಯಾದ ಬಡಗಿಗಳೂ ಈ ಪುಸ್ತಕವನ್ನು ನೋಡಿ ಕುರ್ಚಿಗಳನ್ನು ಮಾಡಿದರು.

ಗ್ರಂಥವು ಹೊರಬಂದ ವರ್ಷವೇ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಲೇನ್ ಎಂಬ ಬೀದಿಯಲ್ಲಿ ಅವನು ದೊಡ್ಡ ಮಳಿಗೆಯನ್ನು ತೆರೆದನು. ಚಿತ್ರಕಾರರೂ ಶಿಲ್ಪಿಗಳೂ ಕೂಡುತ್ತಿದ್ದ ಬೀದಿ ಅದು. ಇಂಗ್ಲೆಂಡಿನ ರೊಕೊಕೊ ಶೈಲಿಗೆ ಅದೇ ತವರುಮನೆ. ಮಳಿಗೆಯ ಮುಂದೆ ಗುರುತಿಗಾಗಿ ತೂಗುಹಾಕಿದ್ದುದು ಒಂದು ಕುರ್ಚಿ. ಬಂಡವಾಳ ಹಾಕಿದವನು ಜೇಮ್ಸ್ ರ‍್ಯಾನಿ ಎಂಬ ಸ್ಕಾಟ್ಲೆಂಡಿನವನು. ಮರುವರ್ಷದ ಏಪ್ರಿಲಿನಲ್ಲಿ ಕಾರ್ಯಾಗಾರಕ್ಕೆ ಬೆಂಕಿ ಬಿದ್ದಿತು. ಇಪ್ಪತ್ತೆರಡು ಮಂದಿ ಕೆಲಸಗಾರರ ಹತಾರಗಳ ಪೆಟ್ಟಿಗೆಗಳು ಸುಟ್ಟುಹೋದವೆಂದು ಅಂದಿನ ಪತ್ರಿಕೆಗಳಲ್ಲಿ ವರದಿಯಾಯಿತು. ಉಳಿ, ಬಾಚಿ, ಗರಗಸಗಳು ಕೆಲಸಗಾರನ ಸ್ವಂತ ಆಸ್ತಿ. ಅವು ಹೋದರೆ ಅವನ ಕೈಗಳೇ ಹೋದಂತೆ. ಆದರೂ ಮಳಿಗೆ ಎದ್ದು ನಿಂತಿತು. ಆ ಬಳಿಕ ಚಿಪ್ಪೆಂಡೇಲನು ಸ್ವತಃ ಉಳಿ ಹಿಡಿದು ಮಾಡಿದನೆಂದು ಬೆರಳಿಟ್ಟು ತೋರಿಸಬಹುದಾದ ಒಂದು ವಸ್ತುವೂ ಇಲ್ಲ. ಚಿತ್ರ ಬರೆಯುವುದು, ಮನೆಗಳಿಗೆ ಹೋಗಿ ಅಳತೆ ತೆಗೆಯುವುದು, ಗಿರಾಕಿಗಳನ್ನು ಓಲೈಸುವುದು, ಕೆಲಸ ಹಂಚುವುದು ಇವೇ ಅವನ ದಿನಚರಿಯಾದವು.

1766ರ ಆದಿಯಲ್ಲಿ ರ‍್ಯಾನಿ ಮರಣ ಹೊಂದಿದನು. ಅವನ ಪಾಲಿನ ಹಣವನ್ನು ತೀರಿಸುವ ಸಲುವಾಗಿ ಮಳಿಗೆಯ ಸಾಮಾನುಗಳನ್ನು ಹರಾಜಿಗಿಡಬೇಕಾಯಿತು. ಚಿಪ್ಪೆಂಡೇಲನ ಪ್ರತಿಭೆ ಪಕ್ವವಾದುದೂ ಅವನ ಕೈ ಬರಿದಾದುದೂ ಒಂದೇ ಕಾಲದಲ್ಲಿ.

ಅದರ ಹಿಂದಿನ ವರ್ಷ, 1765ರಲ್ಲಿ, ಸರ್ ಲಾರೆನ್ಸ್ ಡಂಡಾಸ್ ಎಂಬ ಧನಿಕನ ಲಂಡನ್ ಮನೆಗೆ ಅವನು ಎಂಟು ತೋಳುಕುರ್ಚಿಗಳನ್ನೂ ನಾಲ್ಕು ಸೋಫಾಗಳನ್ನೂ ಒದಗಿಸಿದ್ದನು. ಡಂಡಾಸನು ಯುದ್ಧಕಾಲದಲ್ಲಿ ಸೈನ್ಯಕ್ಕೆ ಸಾಮಗ್ರಿ ಪೂರೈಸಿ ಅಪಾರ ಸಂಪತ್ತನ್ನು ಗಳಿಸಿದವನು. ಕುರ್ಚಿಯ ಚಿತ್ರವನ್ನು ಬರೆದುಕೊಟ್ಟವನು ಅಂದಿನ ಪ್ರಖ್ಯಾತ ವಾಸ್ತುಶಿಲ್ಪಿ ರಾಬರ್ಟ್ ಆ್ಯಡಮ್. ಚಿತ್ರಕ್ಕೆ ಅವನು ಪಡೆದ ಶುಲ್ಕ ಐದು ಪೌಂಡು. ಆ್ಯಡಮ್ ಬರೆದ ಕುರ್ಚಿಯ ಚಿತ್ರವನ್ನು ಚಿಪ್ಪೆಂಡೇಲನು ಮರದಲ್ಲಿ ಇಳಿಸಿದುದಕ್ಕೆ ದಾಖಲೆಯಿರುವುದು ಇದೊಂದೇ. ಕುರ್ಚಿಗಳನ್ನು ನೋಡಿದರೆ ಎರಡು ಕಾಲಗಳ ಸಂಧಿ ಕಾಣುತ್ತದೆ. ಬಾಗಿದ ಮೈಕಟ್ಟು ಹಳೆಯ ರೊಕೊಕೊ, ಅದರ ಮೇಲೆ ಕೆತ್ತಿದ ಸಿಂಹಿಣಿಯ ಮೈಯ ಸ್ಫಿಂಕ್ಸುಗಳೂ ಎಲೆಗುಚ್ಛಗಳೂ ಪ್ರಾಚೀನ ಗ್ರೀಕ್ ರೋಮನ್ ಮಾದರಿಯವು. ಹೊದಿಸುವ ಡಮಾಸ್ಕ್ ರೇಷ್ಮೆಯನ್ನು ಡಂಡಾಸನೇ ಕೊಟ್ಟನು. ಎಣ್ಣೆಯ ಕ್ರಮದಲ್ಲಿ ಚಿನ್ನ ಹಚ್ಚಿ, ಕಾಲುಗಳಿಗೆ ಗಾಲಿಗಳನ್ನು ಜೋಡಿಸಿ ಕಳುಹಿಸಿದ ಎಂಟು ಕುರ್ಚಿಗಳಿಗೆ ಚಿಪ್ಪೆಂಡೇಲನು ಬರೆದ ಲೆಕ್ಕ 160 ಪೌಂಡು. ಕುರ್ಚಿಯೊಂದಕ್ಕೆ ಇಪ್ಪತ್ತು ಪೌಂಡು. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಬೆಲೆ ದೊಡ್ಡದು, ವಸೂಲಿ ಕಷ್ಟ. ಶ್ರೀಮಂತರು ಕುಶಲಕರ್ಮಿಗಳಿಗೆ ತಡವಾಗಿ ಹಣ ಕೊಡುವುದು ಅಂದು ಅಗೌರವದ ಮಾತಾಗಿರಲಿಲ್ಲ. ಕೆಂಟ್ ಪ್ರಾಂತದ ಸರ್ ಎಡ್ವರ್ಡ್ ನ್ಯಾಚ್‌ಬುಲ್ ಎಂಬ ಜಮೀನುದಾರನು ತನಗೆ ಗೇಣಿ ಬರುವುದು ವರ್ಷಕ್ಕೊಂದು ಸಲವಾದುದರಿಂದ ತಾನು ವರ್ತಕರಿಗೆ ಕೊಡುವುದೂ ವರ್ಷಕ್ಕೊಂದು ಸಲವೇ ಎಂದು ಚಿಪ್ಪೆಂಡೇಲನಿಗೆ ತಿಳಿಸಿಬಿಟ್ಟನು. ಕೆಲಸಗಾರರಿಗೆ ಬಟವಾಡೆ ಮಾಡಬೇಕಾದವನು ಈ ನ್ಯಾಯವನ್ನು ಹೇಗೆ ನುಂಗಿಕೊಂಡನೋ ತಿಳಿಯದು.

ಯಾರ್ಕ್‌ಶೈರಿನ ನಾಸ್ಟೆಲ್ ಪ್ರಯರಿಯ ಒಡೆಯ ಸರ್ ರೋಲೆಂಡ್ ವಿನ್ ಎಂಬವನೊಡನೆ ನಡೆದ ಪತ್ರವ್ಯವಹಾರ ಇನ್ನೂ ಹೃದಯವಿದ್ರಾವಕವಾದುದು. 1766ರಿಂದ ಆ ಮನೆಗೆ ಚಿಪ್ಪೆಂಡೇಲನ ಮಳಿಗೆಯಿಂದ ಸಾಮಾನು ಹೋಗತೊಡಗಿತು. 72 ಪೌಂಡು ಹತ್ತು ಷಿಲಿಂಗಿನ ಮಹಾಗನಿಯ ಓದುಮೇಜಿನಿಂದ ತೊಡಗಿ ಅಡಿಗೆಮನೆಯಲ್ಲಿ ಮಾಂಸ ಕಡಿಯುವ ಮರದ ಕೊರಡಿನವರೆಗೆ ಎಲ್ಲವೂ ಇವನಿಂದಲೇ. ಸಾಮಾನು ತಡವಾಯಿತೆಂದು ಒಡೆಯನ ಗದರಿಕೆ, ಹಣ ಬಂದರೆ ಕೆಲಸ ಸಾಗುವುದೆಂದು ಬಡಗಿಯ ಮೊರೆ. ಗದರಿಕೆಗೆ ಉತ್ತರವಾಗಿ ಕ್ಷಮೆ, ಕ್ಷಮೆಯ ಕೊನೆಯಲ್ಲಿ ಮತ್ತೆ ಹಣದ ಬೇಡಿಕೆ. ಪತ್ರ ಪತ್ರಗಳಲ್ಲಿ ಇದೇ ಪಲ್ಲವಿ. ಒಡೆಯನ ಕಡೆಗೂ ನ್ಯಾಯವಿಲ್ಲದಿಲ್ಲ. ಚಿಪ್ಪೆಂಡೇಲನು ಮಾಡಬಲ್ಲುದಕ್ಕಿಂತ ಹೆಚ್ಚಿನ ಕೆಲಸವನ್ನು ಒಪ್ಪಿಕೊಳ್ಳುತ್ತಿದ್ದನು, ಹೇಳಿದ ದಿನಕ್ಕೆ ಕೊಡುತ್ತಿರಲಿಲ್ಲ. ಬರಬೇಕಾದುದು ಬಾರದಿದ್ದಾಗ ಹೊಸ ಕೆಲಸದ ಮುಂಗಡದಿಂದ ಹಳೆಯ ಸಾಲ ತೀರಿಸುವ ಸುಳಿಯಲ್ಲಿ ಸಿಲುಕಿದವನ ಲಕ್ಷಣವೇ ಅದು.

ಈ ಇಕ್ಕಟ್ಟಿನ ದಿನಗಳಲ್ಲಿಯೇ, 1769ರಲ್ಲಿ, ಅವನ ಹೆಸರಿಗೆ ಸ್ವಲ್ಪ ಮಸಿ ಬಳಿದ ಸಂಗತಿಯೊಂದು ನಡೆಯಿತು. ಫ್ರಾನ್ಸಿನಿಂದ ಅರವತ್ತು ಕುರ್ಚಿಗಳ ಚೌಕಟ್ಟುಗಳನ್ನು, ಇನ್ನೂ ಚಿನ್ನ ಹಚ್ಚದ, ಮೆತ್ತೆ ಹೊದಿಸದ ಬರಿಯ ಮರದ ಸ್ಥಿತಿಯಲ್ಲಿ, ಅವನು ತರಿಸಿದನು. ತೋರಿಸಿದ ಬೆಲೆ ತೀರ ಕಡಿಮೆಯೆಂದು ಶಂಕಿಸಿ ಸುಂಕದ ಅಧಿಕಾರಿಗಳು ಅವನ್ನು ವಶಪಡಿಸಿಕೊಂಡರು. ಫ್ರೆಂಚ್ ಕುರ್ಚಿಗಳ ಚಿತ್ರಗಳಿಂದ ಹೆಸರು ಗಳಿಸಿದವನು ನಿಜವಾದ ಫ್ರೆಂಚ್ ಕುರ್ಚಿಗಳ ದೆಸೆಯಿಂದ ಸಿಕ್ಕಿಬಿದ್ದನು. ಅಭಿಮಾನಿಗಳು ಈ ಪ್ರಸಂಗವನ್ನು ತೇಲಿಸಿ ಹೇಳುವುದುಂಟು. ಚರಿತ್ರೆ ಬರೆಯುವವನು ಇದನ್ನು ಮುಚ್ಚಿಡುವುದು ಸಲ್ಲದು.

1771ರಲ್ಲಿ ರ‍್ಯಾನಿಯ ಹಳೆಯ ಗುಮಾಸ್ತೆ ಥಾಮಸ್ ಹೇಗ್ ಪಾಲುಗಾರನಾಗಿ ಸೇರಿದ ಮೇಲೆ ವ್ಯವಹಾರವು ಸ್ವಲ್ಪ ಚೇತರಿಸಿತು. ಆ ವೇಳೆಗಾಗಲೇ ತನ್ನ ಹುಟ್ಟೂರಿಗೆ ಅನತಿದೂರದಲ್ಲಿದ್ದ ಹೇರ್‌ವುಡ್ ಸೌಧದ ಕೆಲಸ ಅವನ ಕೈ ಸೇರಿತ್ತು. 1767ರಲ್ಲಿ ಆರಂಭವಾದ ಈ ಕೆಲಸ ಅವನ ಜೀವಮಾನದ ಅತಿ ದೊಡ್ಡ ಕೆಲಸ. ಒಟ್ಟು ವೆಚ್ಚ ಹತ್ತು ಸಾವಿರ ಪೌಂಡುಗಳನ್ನು ಮೀರಿತೆಂದು ವಿದ್ವಾಂಸರ ಅಂದಾಜು. ಅಲ್ಲಿಗೆ ಅವನು ಕಳುಹಿಸಿದ ಚಿನ್ನದ ಕುರ್ಚಿಗಳಲ್ಲಿ ರೊಕೊಕೊ ಶೈಲಿಯ ಬಾಗು ಬಳುಕು ಉಳಿದಿಲ್ಲ. ಕಾಲು ನೇರವಾಗಿದೆ, ಬೆನ್ನೊರಗು ಅಂಡಾಕೃತಿಯಾಗಿದೆ, ಅಲಂಕಾರವು ಹದ್ದುಬಸ್ತಿನಲ್ಲಿದೆ. ಕಾಲದ ರುಚಿ ಬದಲಾದಾಗ ತನ್ನ ಪುಸ್ತಕವನ್ನೇ ಬದಿಗಿಟ್ಟು ಹೊಸತನ್ನು ಕಲಿಯುವ ಶಕ್ತಿ ಐವತ್ತು ದಾಟಿದ ಮೇಲೂ ಅವನಿಗಿದ್ದಿತು. ನನ್ನ ವಯಸ್ಸಿನವರಿಗೆ ಇದು ಎಷ್ಟು ಕಷ್ಟವೆಂಬುದು ಗೊತ್ತು.

ಹೇರ್‌ವುಡ್ಡಿನ ಒಡೆಯ ಎಡ್ವಿನ್ ಲ್ಯಾಸೆಲ್ಸನ ಮನೆತನದ ಸಿರಿ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಿಂದ, ಅಲ್ಲಿ ದುಡಿಯುತ್ತಿದ್ದ ಆಫ್ರಿಕದ ಗುಲಾಮರ ಬೆವರಿನಿಂದ ಬಂದದ್ದು. ಚಿಪ್ಪೆಂಡೇಲನ ಇತರ ಕುರ್ಚಿಗಳ ಮಹಾಗನಿ ಮರವನ್ನು ಆ ದ್ವೀಪಗಳ ಕಾಡುಗಳಲ್ಲಿ ಕಡಿದು ಸಾಗಿಸಿದವರೂ ಗುಲಾಮರೇ. ಆ ವಸಾಹತುಗಳ ಮರದ ಮೇಲಿನ ಆಮದು ಸುಂಕವನ್ನು ಬ್ರಿಟಿಷ್ ಸರಕಾರವು 1721ರಲ್ಲಿ ತೆಗೆದುಹಾಕಿದುದರಿಂದ ಮಹಾಗನಿ ಲಂಡನ್ನಿಗೆ ಧಾರಾಳವಾಗಿ ಬರತೊಡಗಿತು. ಮಾಡಿದವನ ಹೆಸರನ್ನು ಹುಡುಕುತ್ತ ಹೊರಟ ನಮಗೆ ಇಲ್ಲಿ ಹೆಸರೇ ಇಲ್ಲದ ಸಾವಿರಾರು ಜನರು ಎದುರಾಗುತ್ತಾರೆ. ಅವರ ಲೆಕ್ಕವನ್ನು ಯಾವ ಬಿಲ್ಲಿನಲ್ಲಿಯೂ ಬರೆದಿಲ್ಲ.

1772ರಲ್ಲಿ ಕ್ಯಾಥರೀನ್ ತೀರಿಕೊಂಡಳು. 1777ರಲ್ಲಿ ಚಿಪ್ಪೆಂಡೇಲನು ಎಲಿಜಬೆತ್ ಡೇವಿಸ್ ಎಂಬವಳನ್ನು ಮದುವೆಯಾದನು. ಇವಳಿಂದಲೂ ಮೂವರು ಮಕ್ಕಳು. ಮಳಿಗೆಯ ಹೊಣೆಯನ್ನು ತನ್ನದೇ ಹೆಸರಿನ ಹಿರಿಯ ಮಗನಿಗೆ ವಹಿಸಿ ನಗರದ ಹೊರವಲಯದ ಹಾಕ್ಸ್‌ಟನ್ನಿನಲ್ಲಿ ನೆಲಸಿದನು. ಕ್ಷಯರೋಗದಿಂದ ನರಳಿ 1779ರ ನವೆಂಬರಿನಲ್ಲಿ, ಅರುವತ್ತೊಂದನೆಯ ವಯಸ್ಸಿನಲ್ಲಿ, ದೇಹವನ್ನು ಬಿಟ್ಟನು. ಸೇಂಟ್ ಮಾರ್ಟಿನ್ ಚರ್ಚಿನ ಸ್ಮಶಾನದಲ್ಲಿ ಅವನನ್ನು ಹೂಳಲಾಯಿತು. ಆ ಸ್ಥಳದ ಮೇಲೆ ಮುಂದೆ ಕಟ್ಟಡಗಳೆದ್ದು ಸಮಾಧಿಯ ಕುರುಹು ಅಳಿಸಿಹೋಯಿತು. ಅವನ ಮನೆಯ ಸಾಮಾನುಗಳಿಗೆ ಅಧಿಕೃತವಾಗಿ ಬೆಲೆ ಕಟ್ಟಿದಾಗ ಒಟ್ಟು ಮೊತ್ತ 28 ಪೌಂಡು ಚಿಲ್ಲರೆಯಾಯಿತು. ಡಂಡಾಸನ ಕುರ್ಚಿಯೊಂದರ ಬೆಲೆಯನ್ನು ನೆನಪಿನಲ್ಲಿಟ್ಟುಕೊಳ್ಳಿ ಎಂದು ಹೇಳಿದ್ದೆನಷ್ಟೆ. ಚಿಪ್ಪೆಂಡೇಲನ ಇಡೀ ಮನೆ ಅಂಥ ಎರಡು ಕುರ್ಚಿಗಳಿಗೆ ಸಮನಾಗಲಿಲ್ಲ.

ಕಿರಿಯ ಥಾಮಸನೂ ಸಮರ್ಥನೇ. ಆದರೆ ಅವನೂ 1804ರಲ್ಲಿ ದಿವಾಳಿಯಾದನು. ಬಾಕಿ ಎಂಬುದು ಆ ಮನೆತನದ ಆನುವಂಶಿಕ ವ್ಯಾಧಿಯಾಗಿ ಪರಿಣಮಿಸಿತ್ತು.

ತೀರಿಕೊಂಡ ಮೇಲೆ ಚಿಪ್ಪೆಂಡೇಲನಿಗೆ ಇನ್ನೊಂದು ಬಗೆಯ ಕಂಟಕ ಒದಗಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಕುರ್ಚಿಗಳಿಗೆ ಬೇಡಿಕೆ ಬಂದಾಗ ಬಾಗಿದ ಕಾಲಿನ ಕುರ್ಚಿಗಳಿಗೆಲ್ಲ ಅವನ ಹೆಸರಿಟ್ಟರು. ಅವನು ಎಂದೂ ಕಾಣದ ಕುರ್ಚಿಗಳು ಅವನವಾದವು. ಇನ್ನೊಂದೆಡೆ, 1929ರಲ್ಲಿ ಇಬ್ಬರು ಅಮೆರಿಕನ್ ವಿದ್ವಾಂಸರು ಗ್ರಂಥದ ಚಿತ್ರಗಳನ್ನು ಬರೆದವರು ಬೇರೆಯವರೆಂದು ವಾದಿಸಿ ಅವನಿಗಿದ್ದ ಒಂದು ಆಸ್ತಿಯನ್ನೂ ಕಿತ್ತುಕೊಳ್ಳಲು ನೋಡಿದರು. ಅನಂತರದ ಸಂಶೋಧಕರು ಮೂಲಚಿತ್ರಗಳನ್ನೂ ಮನೆತನಗಳ ದಫ್ತರಗಳನ್ನೂ ಶೋಧಿಸಿ ಆ ವಾದವನ್ನು ತಳ್ಳಿಹಾಕಿದರು. ಇವರಲ್ಲಿ ಅಗ್ರಗಣ್ಯನು ಕ್ರಿಸ್ಟಫರ್ ಗಿಲ್ಬರ್ಟ್. ಅವನ ಎರಡು ಸಂಪುಟಗಳ ಗ್ರಂಥವು 1978ರಲ್ಲಿ ಬೆಳಕು ಕಂಡಿತು.

ನಿಜವಾದ ಚಿಪ್ಪೆಂಡೇಲ್ ಕುರ್ಚಿಯನ್ನು ಗುರುತಿಸುವುದು ಪಾಠಾಂತರಗಳ ನಡುವೆ ಕವಿಯ ಮೂಲಪಾಠವನ್ನು ಹುಡುಕುವಷ್ಟೇ ಕಷ್ಟ. ಪ್ಯಾರಿಸ್ಸಿನಲ್ಲಿ ಹದಿನೆಂಟನೆಯ ಶತಮಾನದ ನಡುಭಾಗದಿಂದ ಕುರ್ಚಿ ಮಾಡುವವರು ಚೌಕಟ್ಟಿನ ಮೇಲೆ ತಮ್ಮ ಹೆಸರಿನ ಮುದ್ರೆಯೊತ್ತಬೇಕೆಂದು ವೃತ್ತಿಸಂಘದ ಕಟ್ಟಳೆ ಇದ್ದಿತು. ಆದುದರಿಂದ ತಿಯಾರ್ ಮೊದಲಾದವರ ಕುರ್ಚಿಗಳನ್ನು ತಿರುವಿ ಹಾಕಿದರೆ ಕರ್ತೃವಿನ ಅಂಕಿತ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಆ ಕಟ್ಟಳೆ ಇರಲಿಲ್ಲ. ಚಿಪ್ಪೆಂಡೇಲನ ಅಂಕಿತವೆಂದರೆ ಅವನು ಬರೆದ ಬಿಲ್ಲು. ಬಿಲ್ಲು ಸಿಗದ ಕಡೆ ಕುರ್ಚಿಯ ಒಡಲನ್ನೇ ಓದಬೇಕು. ಆಸನದ ಪಟ್ಟಿಯ ಒಳಮೈಯಲ್ಲಿ ಅಂಟು ಒಣಗುವವರೆಗೆ ಬಿಗಿಹಿಡಿಯಲೆಂದು ಕೊರೆದ ಕಚ್ಚುಗಳು, ದೂರದ ಊರಿಗೆ ಸಾಗಿಸುವಾಗ ಪಟ್ಟಿ ಜಡಿಯಲು ಮಾಡಿದ ರಂಧ್ರಗಳು, ಹಲವು ಸಲ ಹೊಸದಾಗಿ ಹಚ್ಚಿದ ಚಿನ್ನದ ಕೆಳಗೆ ಸಾಸಿವೆಯಷ್ಟು ಜಾಗದಲ್ಲಿ ಉಳಿದ ಮೊದಲ ಲೇಪ, ಇವೇ ಅಕ್ಷರಗಳು.

ಡಂಡಾಸನ ಕುರ್ಚಿಗಳ ಭಾಗ್ಯವೆಂದರೆ ಅವುಗಳ ಬಿಲ್ಲು ಉಳಿದುಬಂದದ್ದು. ಅವುಗಳಲ್ಲಿ ಒಂದು ಜೊತೆ 1997ರಲ್ಲಿ ಲಂಡನ್ನಿನ ಹರಾಜಿನಲ್ಲಿ ಹದಿನೇಳು ಲಕ್ಷ ಪೌಂಡಿಗೂ ಮಿಕ್ಕ ಬೆಲೆಗೆ ಮಾರಾಟವಾಯಿತು. ಆ ನಗರದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿಯೂ ಈ ಕುರ್ಚಿಗಳನ್ನು ನೋಡಬಹುದು. ಅದೇ ಮ್ಯೂಸಿಯಂನ ಹೊರಗೋಡೆಯ ಮೇಲೆ ಚಿಪ್ಪೆಂಡೇಲನ ಪ್ರತಿಮೆಯೂ ಇದೆ. 1987ರಲ್ಲಿ ಆಟ್ಲಿಯವರು ಅವನ ಪುತ್ಥಳಿಯನ್ನು ತಮ್ಮ ಊರಿನಲ್ಲಿ ನಿಲ್ಲಿಸಿದರು. ಎರಡರ ಮುಖವೂ ಶಿಲ್ಪಿಗಳ ಕಲ್ಪನೆಯೇ.

ಇನ್ನೊಂದು ಪ್ರಸಂಗ ಹೇಳಿ ನಿಲ್ಲಿಸುತ್ತೇನೆ. ಸ್ಕಾಟ್ಲೆಂಡಿನ ಡಂಫ್ರೀಸ್ ಹೌಸ್ ಎಂಬ ಭವನಕ್ಕೆ 1759ರಲ್ಲಿ ಚಿಪ್ಪೆಂಡೇಲನು ಸುಮಾರು ಐವತ್ತು ಉಪಕರಣಗಳನ್ನು ಕಳುಹಿಸಿದ್ದನು. ಅವನ ರೊಕೊಕೊ ಕಾಲದ, ಬಿಲ್ಲು ಸಮೇತ ಉಳಿದ ಕೆಲಸವದು. 2007ರಲ್ಲಿ ಒಡೆಯರು ಎಲ್ಲವನ್ನೂ ಹರಾಜಿಗೆ ಹಾಕಿದರು. ಪಟ್ಟಿಗಳು ಅಚ್ಚಾದವು, ಸಾಮಾನು ತುಂಬಿದ ಲಾರಿಗಳು ಲಂಡನ್ನಿನ ಹಾದಿ ಹಿಡಿದವು. ಕೊನೆಯ ಗಳಿಗೆಯಲ್ಲಿ ಅಂದಿನ ಯುವರಾಜ ಚಾರ್ಲ್ಸನು ಹಲವು ಸಂಸ್ಥೆಗಳನ್ನು ಕೂಡಿಸಿ ನಾಲ್ಕೂವರೆ ಕೋಟಿ ಪೌಂಡುಗಳಿಗೆ ಭವನವನ್ನು ಸಾಮಾನು ಸಹಿತ ಕೊಳ್ಳುವ ಏರ್ಪಾಡು ಮಾಡಿದನು. ಲಾರಿಗಳು ದಾರಿಯ ನಡುವೆಯೇ ಹಿಂದಿರುಗಿದವು. ಕುರ್ಚಿಗಳನ್ನು ಇಳಿಸಿ, ಚಿಪ್ಪೆಂಡೇಲನು ಯಾವ ಮನೆಗೆಂದು ಅವನ್ನು ಮಾಡಿದ್ದನೋ ಅದೇ ಮನೆಯ ಕೊಠಡಿಗಳಲ್ಲಿ ಪುನಃ ಜೋಡಿಸಿದರು.